ಎಣ್ಣೆ ಇಲ್ಲದ ಕಂಪ್ರೆಸರ್

"ಬಾನೆಟ್ಟಿಗಿ ಕೈ ಹಚ್ಚಬ್ಯಾಡ, ಯವ್ವಾ!"

ಹೆಡ್ ಕಾನ್‌ಸ್ಟೇಬಲ್ ಮಲ್ಲಣ್ಣ ಠಾಣೆಯ ಕಟ್ಟೆಯ ಮೇಲಿಂದ ಕೂಗುವಷ್ಟರಲ್ಲಿ ಫರ್ಹತ ಬಾನೆಟ್ ಎತ್ತಿ, ಕಡ್ಡಿ ಕೊಟ್ಟು ನಿಲ್ಲಿಸಿಯೂ ಆಗಿತ್ತು. ಬಿಸಿಲಿಗೆ ಕಾದ ತಗಡು ಅಂಗೈ ಸುಟ್ಟಿತು. ಅವಳು ಕೈ ಕೊಡವಲೂ ಇಲ್ಲ.

"ಹಚ್ಚೀನಿ. ಏನ್ ಮಾಡ್ತೀರಿ? ನಮ್ಮ ಅಬ್ಬಾನ್ನ ಒಳಗ ಹಾಕೀರಿ, ಬಾಜೂಕ ನನಗೂ ಜಾಗಾ ಮಾಡ್ರಿ."

ಸುರಪುರದ ಹತ್ತಿ ಮಿಲ್ಲಿನ ಮಾಲೀಕ ಬಸವಂತ್ರಾಯ ನಿನ್ನೆ ಮಧ್ಯಾಹ್ನ ಇದೇ ಕಾರಿನ ಹಿಂದಿನ ಸೀಟಿನಲ್ಲಿ ಉಸಿರುಗಟ್ಟಿ ಸತ್ತಿದ್ದ. ಕಾರಿನ ಎಸಿಗೆ ಅಡುಗೆ ಗ್ಯಾಸ್ ತುಂಬಿ ಅವನ ಜೀವ ತೆಗೆದವನು ಎಂದು ಅವಳ ತಂದೆ, ಶಹಾಪುರದ ಎಸಿ ಮೆಕ್ಯಾನಿಕ್ ಖಾಜಾಮಿಯಾ, ನಿನ್ನೆ ಸಂಜೆಯಿಂದ ಯಾದಗಿರಿಯ ಲಾಕಪ್ಪಿನಲ್ಲಿದ್ದ. ಇವತ್ತು ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವವರಿದ್ದರು.

ಒಳಗಿನಿಂದ ಸಬ್ ಇನ್ಸ್‌ಪೆಕ್ಟರ್ ಪಂಚಶೀಲಾ ಹೊರಬಂದಳು. ಟೋಪಿ ಬಗಲಲ್ಲಿತ್ತು, ಹಣೆಯ ಮೇಲೆ ಬೆವರಿನ ಹನಿ. ಅವಳು ಕಾರನ್ನೂ ನೋಡಿದಳು, ಫರ್ಹತಳನ್ನೂ ನೋಡಿದಳು.

"ನಾ ಹೂಂ ಅಂದಿದ್ನೇನು?"

"ಇಲ್ರಿ. ಕೇಳ್ಕೋತ ಕುಂತ್ರ ಸಂಜೀ ಆಗ್ತದ. ಮುಂಜಾನಿ ಶಹಾಪುರದ ಬಸ್ಸಿನ್ಯಾಗ ನನ್ನ ಹಿಂದ ಕುಂತೋರು ಏನ್ ಮಾತಾಡಾಕತ್ತಿದ್ರು ಗೊತ್ತದೇನ್ರಿ? ಗ್ಯಾಸ್ ಹೊಡದು ಸಾವ್ಕಾರನ್ನ ಕೊಂದ ಸಾಬ ಅಂತ. ಮೂವತ್ತು ವರ್ಷ ಅದೇ ಮಂದಿ ಗಾಡಿ ರಿಪೇರಿ ಮಾಡ್ಯಾರ್ರಿ ನಮ್ಮಪ್ಪ. ಮೂವತ್ತು ವರ್ಷ!"

ಅವಳ ದನಿ ಒಡೆಯಿತು. ಅಳು ಬಂದದ್ದಲ್ಲ, ಸಿಟ್ಟು. ಫರ್ಹತಳಿಗೆ ಸಿಟ್ಟು ಬಂದರೆ ಗಂಟಲು ಮೊದಲು ಕೈಕೊಡುತ್ತಿತ್ತು, ಆಮೇಲೆ ಮಾತು ಎರಡು ಪಟ್ಟು ಜೋರಾಗಿ ಬರುತ್ತಿತ್ತು.

ಪಂಚಶೀಲಾ ಗಡಿಯಾರ ನೋಡಿಕೊಂಡಳು. "ಅರ್ಧ ತಾಸು. ನಾ ಇಲ್ಲೇ ನಿಂತಿರ್ತೀನಿ. ನೀ ಏನ್ ಮುಟ್ಟಿದ್ರೂ ನನಗ ತೋರ್ಸೇ ಮುಟ್ಟಬೇಕು. ಮೊದಲ ಹೇಳು, ನಿಮ್ಮಪ್ಪ ಈ ಗಾಡಿಗಿ ಏನ್ ಮಾಡಿದ್ದ?"

"ಸೋಮವಾರ ಸಾವ್ಕಾರ್ರೇ ಖುದ್ದು ತಂದಿದ್ರು. ಎಸಿ ಹಾಕಿದ್ರ ಗರಗರ ಅಂತದ ಅಂತ. ಅಬ್ಬಾ ಎಸಿ ಬಂದ್ ಮಾಡಿ ಕೇಳಿದ್ರು, ಸಪ್ಪಳ ಇಲ್ಲ. ಚಾಲೂ ಮಾಡಿ ಕೇಳಿದ್ರು, ಸಪ್ಪಳ ಬಂತು. ಬೇರಿಂಗ್ ಹೋಗಿದ್ರ ಎಸಿ ಇರ್ಲಿ ಬಿಡ್ಲಿ ಕೂಗ್ತಿತ್ರಿ. ಹಾಕಿದಾಗ ಅಷ್ಟೇ ಕೂಗಿದ್ರ ಕಂಪ್ರೆಸರ್ ಒಳಗೇ ಸವದದ ಅಂತ ಅರ್ಥ. ಗ್ಯಾಸ್ ಪೂರಾ ತಗದು, ಕಂಪ್ರೆಸರ್ ಬಿಚ್ಚಿ, ಒಳಗಿನ ಎಣ್ಣಿ ಬಿಳಿ ಹಾಳಿ ಮ್ಯಾಲೆ ಸುರವಿದ್ರು. ಎಣ್ಣಿ ಕರ್ರಗಾಗಿ, ಕಬ್ಬಿಣದ ಪುಡಿ ಮಿಣಿಮಿಣಿ ಅಂತಿತ್ತು."

"ಆಮ್ಯಾಲೆ?"

"ಹೊಸದು ಹೈದರಾಬಾದಿಂದ ಬರಬೇಕಿತ್ತು. ಹಳೇದನ್ನೇ ಖಾಲಿ ಮಾಡಿ ಹಂಗೇ ಕೂಡ್ಸಿ, ಎಸಿ ವಾಯರ್ ಕಿತ್ತು, ಕಿಟಕಿ ತಗದು ಓಡಸ್ರಿ ಸಾವ್ಕಾರ್ರ, ಎಂಟು ದಿನ ತಡೀರಿ ಅಂದ್ರು. ಅಬ್ಬಾನ ಪದ್ಧತಿನೇ ಅದು. ಸಾಮಾನು ಬರೂತನ ಎಣ್ಣಿನೂ ಬಿಡೂದಿಲ್ಲ, ವಾಯರೂ ಬಿಡೂದಿಲ್ಲ. ಬಿಟ್ರ ಬಿಸಿಲಿಗಿ ತಾಳಲಾರದ ಯಾವನರ ಸ್ವಿಚ್ ಒತ್ತೇ ಒತ್ತತಾನ."

"ಇದಕ್ಕ ಸಾಕ್ಷಿ ಯಾರು?"

"ಬಸವಂತ್ರಾಯ ಸಾವ್ಕಾರ್ರು."

"ಅವ್ರು ಸತ್ತಾರವ್ವಾ."

"ಅದಕ್ಕೇ ಗಾಡಿನ ಕೇಳಾಕ ಬಂದೀನ್ರಿ."

ಫರ್ಹತ ದುಪಟ್ಟಾ ಸೊಂಟಕ್ಕೆ ಬಿಗಿದು, ಹೆಗಲ ಚೀಲದಿಂದ ಟಾರ್ಚನ್ನೂ ಸ್ಪ್ಯಾನರನ್ನೂ ತೆಗೆದು ಎಂಜಿನ್ನಿನ ಮೇಲೆ ಬಗ್ಗಿದಳು. ಟಾರ್ಚ್ ಬೆಳಕು ಬಲಗಡೆಯ ಕೆಳಭಾಗಕ್ಕೆ ಹೋಗಿ ನಿಂತಿತು. ತಂದೆ ಕಿತ್ತು ಬಿಟ್ಟಿದ್ದ ವಾಯರನ್ನು ಯಾರೋ ಮತ್ತೆ ಕೂಡಿಸಿದ್ದರು. ಕೂಡಿಸಿದ ಜಾಗಕ್ಕೆ ಸುತ್ತಿದ್ದು ಮೆಕ್ಯಾನಿಕರ ಕರಿ ಟೇಪಲ್ಲ; ದವಾಖಾನೆಯಲ್ಲಿ ಗಾಯಕ್ಕೆ ಹಚ್ಚುವ ಬಿಳಿ ಬಟ್ಟೆಯ ಪಟ್ಟಿ.

"ನೋಡ್ರಿ ಮ್ಯಾಡಂ. ಯಾವ ಮೆಕ್ಯಾನಿಕ್ ಮಾಡ್ತಾನ ಇದನ್ನ? ಹರಾಮ್‌ಖೋರ! ನಮ್ಮಪ್ಪನ ಕೆಲಸದ ಮ್ಯಾಲೆ ಕೈ ಹಾಕ್ಯಾನ, ಆಮ್ಯಾಲೆ ನಮ್ಮಪ್ಪನ ಹೆಸರು ಹೇಳ್ಯಾನ!"

ಪಂಚಶೀಲಾ ಫೋನ್ ತೆಗೆದು ಮೂರು ಫೋಟೋ ಹೊಡೆದಳು.

"ಏನ್ ನಡದದ ಇಲ್ಲಿ?"

ಗೇಟಿನ ಕಡೆಯಿಂದ ಕಾಂತೇಶ ಬರುತ್ತಿದ್ದ. ಬಸವಂತ್ರಾಯನ ತಂಗಿಯ ಮಗ, ನಿನ್ನೆ ಇದೇ ಕಾರು ಓಡಿಸಿಕೊಂಡು ಬಂದವನು. ಹೆಣ ಬಿಡಿಸಿಕೊಳ್ಳಲು ಬೆಳಗಿನಿಂದ ದವಾಖಾನೆಗೂ ಠಾಣೆಗೂ ಓಡಾಡುತ್ತಿದ್ದಾನೆಂದು ಮಲ್ಲಣ್ಣ ಹೇಳಿದ್ದ. ಮುಖದಲ್ಲಿ ದುಃಖ ಇತ್ತು, ಇಲ್ಲ ಅನ್ನುವಂತಿಲ್ಲ. ಅಂಗಿಯ ಇಸ್ತ್ರಿ ಮಾತ್ರ ಒಂದು ಗೆರೆ ಮುರಿದಿರಲಿಲ್ಲ.

"ಮ್ಯಾಡಂ, ಕೊಂದವನ ಮಗಳಿಗಿ ಗಾಡಿ ಬಿಚ್ಚಾಕ ಕೊಟ್ಟೀರಿ? ಸಾಕ್ಷಿ ಅಳಿಸ್ಯಾಳು."

"ನಾ ನೋಡ್ಕೋತ ನಿಂತೀನಲ್ಲ," ಅಂದಳು ಪಂಚಶೀಲಾ. "ನೀವೂ ನೋಡ್ರಿ."

ಫರ್ಹತ ತಲೆ ಎತ್ತಿದಳು. "ಬರ್ರಿ ಕಾಂತೇಶಣ್ಣ, ಒಳ್ಳೇ ಟೈಮಿಗಿ ಬಂದ್ರಿ. ನಿನ್ನಿ ಏನಾತು ಒಮ್ಮಿ ಹೇಳ್ರಿ. ಸುರಪುರದಿಂದ ಎಸಿ ಹಾಕ್ಕೊಂಡೇ ಬಂದ್ರೇನು?"

"ಬರದು ಕೊಟ್ಟೀನಿ."

"ನಂಗ ಓದಾಕ ಕೊಟ್ಟಿಲ್ಲ."

ಕಾಂತೇಶ ಪಂಚಶೀಲಾಳ ಮುಖ ನೋಡಿದ. ಅವಳು ಹೇಳ್ರಿ ಎಂಬಂತೆ ಗದ್ದ ಆಡಿಸಿದಳು.

"ಸುರಪುರ ಬಿಟ್ಟಾಗಿಂದ ಎಸಿ ಚಾಲೂ ಇತ್ತು. ನಾಕೂ ಗ್ಲಾಸ್ ಏರಿಸಿದ್ವಿ. ಹೊರಗ ಬೆಂಕಿ ಬಿಸಲು, ಯಾರ್ ತಗೀತಾರ? ಶಹಾಪುರ ದಾಟಿದ ಮ್ಯಾಲೆ ಮಾವ ತಂಪಿಗಿ ಮಲಕೊಂಡ. ಭೀಮಾ ಸೇತುವಿ ಹತ್ರ ನನಗ ತಲಿ ಸುತ್ತಿತು, ಗ್ಯಾಸಿನ ನಾತ. ಗ್ಲಾಸ್ ಇಳಿಸಿ ಹಿಂದ ನೋಡ್ತೀನಿ, ಮಾವನ ಉಸುರು ಇಲ್ಲ. ಮೊದ್ಲೇ ದಮ್ಮಿನ ಮನಶ್ಯಾ. ಸೀದಾ ದವಾಖಾನಿಗಿ ತಂದೆ. ಮತ್ತೇನ್ ಬೇಕು ನಿನಗ?"

"ದಾರ್ಯಾಗ ಸಪ್ಪಳ ಬರ್ಲಿಲ್ಲೇನು?"

"ಯಾವ ಸಪ್ಪಳ? ರಿಪೇರಿ ಆದ ಗಾಡಿ. ಮಾವ ಮಗುವಿನಂಗ ಮಲಗಿದ್ದ ಅಂದ್ನಲ್ಲ."

"ಬೇಷ್," ಅಂದಳು ಫರ್ಹತ. ಅವಳ ಕಿವಿ ಕೆಂಪಾಗಿತ್ತು. "ಮ್ಯಾಡಂ, ಜರಾ ಇಲ್ಲಿ ಕೈ ಹಾಕ್ರಿ."

ಕಂಪ್ರೆಸರಿನ ಮೂತಿಯ ಮೇಲೆ ಚಹಾದ ಬಸಿಯಷ್ಟು ಅಗಲದ ಒಂದು ಉಕ್ಕಿನ ತಟ್ಟೆ ಇತ್ತು. ಅದರ ಹಿಂದೆ ಬೆಲ್ಟು ಸುತ್ತಿದ ಗಾಲಿ.

"ಎಸಿ ಬಂದ್ ಇದ್ದಾಗ ಹಿಂದಿನ ಗಾಲಿ ಅಷ್ಟೇ ತಿರಗ್ತದ್ರಿ, ಮುಂದಿನ ತಟ್ಟಿ ಸುಮ್ಮ ನಿಂತಿರ್ತದ. ಎಸಿ ಹಾಕಿದ್ರ ತಟ್ಟಿ ಹೋಗಿ ಗಾಲಿಗಿ ಅಂಟ್ಕೋತದ, ಒಳಗಿನ ಯಂತ್ರಾನೂ ತಿರಗ್ತದ. ಈಗ ಎಂಜಿನ್ ಬಂದ್ ಅದ. ಚಲೋ ಕಂಪ್ರೆಸರ್ ಇದ್ರ ಈ ತಟ್ಟಿ ಕೈಲೇ ತಿರಗಬೇಕು. ತಿರುವ್ರಿ."

ಪಂಚಶೀಲಾ ಒಂದು ಕೈಯಿಂದ ತಿರುವಿದಳು. ಎರಡೂ ಕೈ ಹಾಕಿದಳು. ತಟ್ಟೆ ಕೂದಲೆಳೆಯಷ್ಟೂ ಜರುಗಲಿಲ್ಲ. ಮಲ್ಲಣ್ಣನೂ ಬಂದು ಹಲ್ಲು ಕಚ್ಚಿ ತಿರುವಿ, ಬೆರಳಿಗೆ ಮಸಿ ಬಳಿದುಕೊಂಡು ಹಿಂದೆ ಸರಿದ.

"ಕಚ್ಚಿಬಿಟ್ಟದ್ರಿ. ಒಳಗ ಪೂರಾ ಜಾಮ್. ನಾ ಇನ್ನೂ ಚಾವಿನೂ ತಿರುವಿಲ್ಲ, ನೆನಪಿಡ್ರಿ. ನಾ ಬರೂದಕ್ಕಿಂತ ಮೊದ್ಲೇ ಕಚ್ಚದ. ಈಗ ಬೆಲ್ಟ್ ನೋಡ್ರಿ. ಎಲ್ಲೆರ ಸುಟ್ಟದೇನು? ರಬ್ಬರಿನ ಪುಡಿ ಬಿದ್ದದೇನು?"

ಬೆಲ್ಟ್ ಚೊಕ್ಕವಾಗಿತ್ತು. ಪಂಚಶೀಲಾ ಅದರ ಫೋಟೋವನ್ನೂ ಹೊಡೆದಳು.

"ಚಾವಿ ಕೊಡ್ರಿ."

ಎಂಜಿನ್ ಚಾಲೂ ಆಯಿತು. ಎಸಿ ಹಾಕದೆ ಬರೀ ಎಂಜಿನ್ನಿನ ಸದ್ದು, ಕಂಪ್ರೆಸರಿನ ಕಡೆ ಪೂರ್ತಿ ಮೌನ. ಫರ್ಹತ ಎಲ್ಲರ ಮುಖ ನೋಡಿ, ಕಿಟಕಿಯೊಳಗೆ ಕೈ ಹಾಕಿ ಎಸಿಯ ಗುಂಡಿ ಒತ್ತಿದಳು.

ಟಕ್ ಎಂದಿತು. ಮರುಗಳಿಗೆ ಕಾಂಪೌಂಡಿನ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರುವಂಥ ಕಿರುಚಾಟ. ಎಂಜಿನ್ ತಡಬಡಿಸಿತು. ಬೆಲ್ಟ್ ನಿಂತ ಗಾಲಿಯ ಮೇಲೆ ಉಜ್ಜಿ ಹೊಗೆ ಎದ್ದಿತು, ಸುಟ್ಟ ರಬ್ಬರಿನ ವಾಸನೆ ಕಟ್ಟೆಯವರೆಗೂ ಬಂತು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದು ನೆರಳಲ್ಲಿ ಕೂತಿದ್ದ ಮುದುಕ ಕಿವಿ ಮುಚ್ಚಿಕೊಂಡ.

ಎಂಟೇ ಸೆಕೆಂಡು. ಅವಳು ಚಾವಿ ತಿರುವಿ ನಿಲ್ಲಿಸಿದಳು.

"ಈಗ ಬೆಲ್ಟ್ ನೋಡ್ರಿ."

ಬೆಲ್ಟಿನ ಒಳಮೈ ಸುಟ್ಟು ಹೊಳೆಯುತ್ತಿತ್ತು. ಕೆಳಗಿನ ತಗಡಿನ ಮೇಲೆ ಕರಿ ಪುಡಿ ಉದುರಿತ್ತು.

"ಎಂಟು ಸೆಕೆಂಡಿಗಿ ಈ ಗತಿ. ಸುರಪುರದಿಂದ ಯಾದಗಿರಿಗಿ ತಾಸು ಮ್ಯಾಲೆ ದಾರಿ. ಕಾಂತೇಶಣ್ಣನೋರ ಮಾವ ಈ ಸಪ್ಪಳದಾಗ ಮಗುವಿನಂಗ ಮಲಗಿದ್ರಂತ!"

ಕಾಂತೇಶ ಹೆಗಲ ಮೇಲಿನ ಟವಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ಸಣ್ಣ ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ ಹೇಳಿದ.

"ತಂಗಿ, ಸೇತುವಿತನ ಚಲೋ ಇದ್ದು ಅಲ್ಲೇ ಕಚ್ಚಿರಬೇಕು. ನಾ ಗಾಬರ್ಯಾಗ ಎಸಿ ಬಂದ್ ಮಾಡೀನಿ. ಬೆಲ್ಟ್ ಉಳದದ. ಯಂತ್ರ ಯಾವಾಗ ಕೆಡ್ತದ ಅಂತ ಯಾರಿಗ್ ಗೊತ್ತು?"

ಪಂಚಶೀಲಾ ಫರ್ಹತಳ ಕಡೆ ತಿರುಗಿದಳು. "ಆ ಮಾತೂ ಖರೆ ಇರಬಹುದಲ್ಲ?"

ಒಂದು ಕ್ಷಣ ಫರ್ಹತಳಿಗೆ ಕೈಯಲ್ಲಿದ್ದ ಸ್ಪ್ಯಾನರನ್ನು ಅವನ ಇಸ್ತ್ರಿಯ ಅಂಗಿಗೆ ಬೀಸಿ ಒಗೆಯಬೇಕು ಅನಿಸಿತು. ತಂಗಿ ಅಂತೆ! ಅಪ್ಪನನ್ನು ಲಾಕಪ್ಪಿಗೆ ತಳ್ಳಿ ಮಗಳಿಗೆ ತಂಗಿ ಅನ್ನುವ ಬಾಯಿ ಇದು. ಅವಳು ಸ್ಪ್ಯಾನರ್ ಕೆಳಗಿಟ್ಟಳು. ಸಿಟ್ಟಿನಲ್ಲಿ ಕೈ ನಡುಗಿದರೆ ಕೆಲಸ ಕೆಡುತ್ತದೆ ಎಂದು ಖಾಜಾಮಿಯಾ ಅವಳ ತಲೆಗೆ ಮೊಟಕಿ ಕಲಿಸಿದ್ದ.

"ಮ್ಯಾಡಂ, ನಿಮ್ಮ ಜೀಪಿನ ಎಸಿ ಚಲೋ ಅದ ಏನ್ರಿ?"

"ಅದ. ಯಾಕ?"

"ಬಾನೆಟ್ ತಗಸ್ರಿ. ಮಲ್ಲಣ್ಣನೋರ, ಯಾರಿಗೂ ಬೀಡಿ ಹಚ್ಚಾಕ ಬಿಡಬ್ಯಾಡ್ರಿ. ಈ ಗಾಡ್ಯಾಗ ಇರೂದು ಅಡಗಿ ಗ್ಯಾಸು."

ಕಾರು ತಣ್ಣಗಾಗುವ ತನಕ ಕಾದು, ಅವಳು ಚೀಲದಿಂದ ಎರಡು ತುಂಡು ಬಿಳಿ ಬಟ್ಟೆ ತೆಗೆದಳು. ಜೀಪಿನ ಎಸಿ ಪೈಪಿನ ಮೇಲಿದ್ದ ಸಣ್ಣ ಮುಚ್ಚಳ ಬಿಚ್ಚಿ, ಬಟ್ಟೆ ಹಿಡಿದು, ಒಳಗಿನ ಮೊಳೆ ಚೂರೇ ಒತ್ತಿದಳು. ಸುಸ್ಸೆಂದು ಗಾಳಿ ಬಂತು. ಬಟ್ಟೆಯ ಮೇಲೆ ರೂಪಾಯಿ ಅಗಲದ ಎಣ್ಣೆಯ ಜಿಡ್ಡು ಹರಡಿತು.

"ಗ್ಯಾಸಿನ ಜೊತಿಗೇ ಎಣ್ಣಿನೂ ಪೈಪಿನ್ಯಾಗ ತಿರಗ್ತಿರ್ತದ್ರಿ. ಕಂಪ್ರೆಸರ್ ಬದುಕೂದೇ ಆ ಎಣ್ಣಿ ಮ್ಯಾಲೆ. ಚಲೋ ಗಾಡಿ ಎಲ್ಲಿ ಒತ್ತಿದ್ರೂ ಬಟ್ಟಿಗಿ ಜಿಡ್ಡು ಹತ್ತತದ. ಈಗ ಈ ಗಾಡಿ ನೋಡ್ರಿ."

ಸಾವ್ಕಾರನ ಕಾರಿನ ಪೈಪಿಗೆ ಎರಡನೆಯ ಬಟ್ಟೆ ಹಿಡಿದು ಒತ್ತಿದಳು. ಅಡುಗೆ ಗ್ಯಾಸಿನ ಆ ಕೊಳೆತ ವಾಸನೆ ಭಗ್ಗೆಂದು ಮೂಗಿಗೆ ಹೊಡೆಯಿತು. ಅವಳು ಬಟ್ಟೆಯನ್ನು ಪಂಚಶೀಲಾಳ ಕೈಗೆ ಕೊಟ್ಟಳು. ಬಟ್ಟೆ ಒಣಗಿತ್ತು. ಬೆರಳಲ್ಲಿ ಉಜ್ಜಿದರೂ ಜಿಡ್ಡಿಲ್ಲ.

"ಹನಿ ಎಣ್ಣಿ ಇಲ್ಲ. ಯಾಕಂದ್ರ ಸೋಮವಾರ ಅಬ್ಬಾ ಸುರವಿ ಕಳ್ಸಿದ್ರು. ಅವ್ರೇ ಮತ್ತ ಗ್ಯಾಸ್ ತುಂಬಿದ್ರ ಮೊದಲ ಎಣ್ಣಿ ಹಾಕ್ತಿದ್ರು. ಗ್ಯಾಸ್ ತುಂಬಿದಾಂವಗ ಎಣ್ಣಿ ಸುದ್ದಿನೇ ಗೊತ್ತಿಲ್ಲ. ನಮ್ಮ ಕಡಿ ಬ್ಯಾಸಿಗಿ ಬಂದ್ರ ಎಲ್ಲಾರದೂ ಒಂದೇ ಮಾತಲ್ರಿ, ಗ್ಯಾಸ್ ಹೊಡಿ, ಗ್ಯಾಸ್ ಹೊಡಿ! ಎಸಿ ಅಂದ್ರ ಬರೀ ಗ್ಯಾಸ್ ಅಂತ ತಿಳದಾರ. ಎಣ್ಣಿ ನೋಡು ಅಂದ ಗಿರಾಕಿನ್ನ ನಾ ಹುಟ್ಟಿದಾಗಿಂದ ಕಂಡಿಲ್ಲ. ಇವನೂ ಹಂಗೇ. ಗ್ಯಾಸ್ ತುಂಬ್ದ, ವಾಯರ್ ಕೂಡ್ಸಿದ, ಒಮ್ಮಿ ಹಾಕಿ ನೋಡ್ದ. ಸವದ ಕಂಪ್ರೆಸರ್, ಒಣ ಕಂಪ್ರೆಸರ್. ನಿಂತ ಜಾಗದಾಗೇ ಕಚ್ತು, ಅಂಜಿ ಕೂಡ್ಲೇ ಬಂದ್ ಮಾಡ್ದ. ಸೇತುವಿ ಹೋಗ್ಲಿ, ಇದು ಸುರಪುರದ ಊರಬಾಗಿಲೂ ದಾಟೂದಿಲ್ರಿ."

ಅವಳು ಕಾಂತೇಶನ ಎದುರಿಗೆ ಹೋಗಿ ನಿಂತಳು. ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದಳು ಅಷ್ಟೆ. ದನಿ ಮಾತ್ರ ಕಾಂಪೌಂಡು ತುಂಬ ಕೇಳುತ್ತಿತ್ತು.

"ನಿನ್ನಿ ಈ ಗಾಡ್ಯಾಗ ಎಸಿ ಒಂದು ನಿಮಿಷಾನೂ ಓಡಿಲ್ಲ. ಹೊರಗ ಬೆಂಕಿ ಬಿಸಲು ಅಂತ ನೀವೇ ಅಂದ್ರಿ. ಎಸಿ ಇಲ್ದ, ದಮ್ಮಿನ ಮನಶ್ಯಾನ್ನ ಕುಂದ್ರಿಸಿ, ನಾಕೂ ಗ್ಲಾಸ್ ಏರ್ಸಿ ಯಾರ್ ಗಾಡಿ ಓಡಸ್ತಾರ? ನಿಮ್ಮ ಮಾವ ಶಹಾಪುರ ದಾಟಿ ಮಲಗಿಲ್ಲ. ಗಾಡಿ ಏರೂವಾಗೇ ಅವ್ರಿಗಿ ಉಸುರಿತ್ತೋ ಇಲ್ಲೋ ಅದನ್ನ ಹೇಳ್ರಿ!"

"ಏ, ನಾಲಗಿ ಬಿಗಿ ಹಿಡಿ!" ಕಾಂತೇಶನ ಕೈ ಮೇಲೆದ್ದಿತು. ಈ ಸಲ ತಂಗಿ ಎಂಬ ಮಾತು ಬರಲಿಲ್ಲ.

"ಕೈ ಕೆಳಗ ಇಳಸ್ರಿ," ಅಂದಳು ಪಂಚಶೀಲಾ. ಒಣ ಬಟ್ಟೆಯನ್ನು ಲಕೋಟೆಗೆ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. "ಕಾಂತೇಶ ಅವರ, ನಿಮ್ಮ ಹೇಳಿಕಿ ಇನ್ನೊಮ್ಮಿ ಬರಕೋಬೇಕಾಗ್ತದ. ಇಲ್ಲೇ ಇರ್ರಿ. ಎಲ್ಲೂ ಹೋಗಬ್ಯಾಡ್ರಿ."

ಫರ್ಹತಳಿಗೆ ನಿನ್ನೆ ಸಂಜೆಯಿಂದ ಮೊದಲ ಬಾರಿಗೆ ಉಸಿರು ಪೂರ್ತಿ ಒಳಗೆ ಹೋಯಿತು. ಸಾಕ್ಷಿ ಸಿಕ್ಕಿತು. ಸಂಜೆ ಅಬ್ಬಾ ಕೋರ್ಟಿಗೆ ಹೋಗುವುದಿಲ್ಲ, ಮನೆಗೆ ಬರುತ್ತಾರೆ.

ಆದರೆ ಕಾಂತೇಶ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ಅಂಗಿಯ ತೋಳು ಸರಿಮಾಡಿಕೊಂಡ. ಹೆದರಿದವನ ಹಾಗೆ ಕಾಣಲಿಲ್ಲ.

"ಎಲ್ಲೂ ಹೋಗೂದಿಲ್ರಿ ಮ್ಯಾಡಂ. ನೀವ್ ಒಮ್ಮಿ ಒಳಗ ಹೋಗಿ ಬರ್ರಿ. ಎಣ್ಣಿ, ಬಟ್ಟಿ ಎಲ್ಲಾ ಆಮ್ಯಾಲೆ ನೋಡೂಣು."

ಅವನ ಮಾತು ಮುಗಿದಿತ್ತೋ ಇಲ್ಲವೋ, ಯಾವಾಗಲೋ ಒಳಗೆ ಹೋಗಿದ್ದ ಮಲ್ಲಣ್ಣ ಒಂದು ಕಾಗದ ಹಿಡಿದು ಕಟ್ಟೆ ಇಳಿದು ಬಂದ. ಫರ್ಹತಳ ಕಣ್ಣು ತಪ್ಪಿಸಿ ಪಂಚಶೀಲಾಳ ಕೈಗೆ ಕೊಟ್ಟ.

"ಖಾಜಾಮಿಯಾ ತಾನೇ ಕಾಗದ ಕೇಳಿ ಬರದಾನ್ರಿ. ಗ್ಯಾಸ್ ತುಂಬಿದ್ದು ನಾನೇ ಅಂತ. ಸಹಿನೂ ಮಾಡ್ಯಾನ."

"ಸುಳ್ಳು!" ಫರ್ಹತ ಕಾಗದಕ್ಕೆ ಕೈ ಹಾಕಿದಳು. ಪಂಚಶೀಲಾ ಹಿಂದಕ್ಕೆ ಎಳೆದುಕೊಂಡಳು. "ಹೊಡದು ಬರಸೀರಿ!"

"ಇಲ್ಲವ್ವಾ, ಯಾರೂ ಮುಟ್ಟಿಲ್ಲ," ಅಂದ ಮಲ್ಲಣ್ಣ. "ಮುಂಜಾನಿ ಕಾಂತೇಶ ಅವ್ರೇ ಪಾಪ ಮುದುಕ ಅಂತ ಚಾ ಒಯ್ದು ಕೊಟ್ರು. ನಾಕ್ ಮಾತಾಡಿದ್ರು. ಅವಾಗಿಂದ ಗ್ವಾಡಿಗಿ ಮುಖಾ ಮಾಡಿ ಕುಂತಿದ್ದ. ಈಗ ಕರದು ಪೆನ್ ಕೇಳಿದ."

ಫರ್ಹತ ಓಡಿದಳು. ಯಾರೂ ತಡೆಯಲಿಲ್ಲ.

ಕಂಬಿಯ ಹಿಂದೆ ಖಾಜಾಮಿಯಾ ಕೂತಿದ್ದ. ಗ್ರೀಸ್ ಹಿಡಿದ ಅದೇ ಅಂಗಿ, ಬಿಳಿ ಗಡ್ಡ. ಮಗಳನ್ನು ನೋಡಿ ಏಳಲಿಲ್ಲ. ಮನೆಯಲ್ಲಿ ಅವರು ದಖನಿ ಉರ್ದುವಿನಲ್ಲಿ ಮಾತಾಡುವವರು; ಈಗ ಅವನು ಕನ್ನಡದಲ್ಲಿ, ಬಾಗಿಲ ಪೊಲೀಸನಿಗೂ ಕೇಳುವಂತೆ ಹೇಳಿದ.

"ನಾನೇ ತುಂಬೀನಿ. ಸಾವ್ಕಾರ್ರು ಅವಸರ ಮಾಡಿದ್ರು. ತಪ್ಪಾತು."

"ಯಾಕ ಸುಳ್ಳ ಹೇಳಾಕತ್ತೀರಿ ಅಬ್ಬಾ? ಹೊರಗ ಎಲ್ಲಾರ ಮುಂದ ತೋರ್ಸಿ ಬಂದೀನಿ! ಗಾಡ್ಯಾಗ ಹನಿ ಎಣ್ಣಿ ಇಲ್ಲ. ಅಡಗಿ ಗ್ಯಾಸ್ ತುಂಬು ಅಂದ ಗಿರಾಕಿನ್ನ ಕೊರಳಪಟ್ಟಿ ಹಿಡದು ಅಂಗಡಿಯಿಂದ ಹೊರಗ ದಬ್ಬಿದವ್ರು ನೀವು. ನಿಮಗ ನಾಚಿಕಿ ಆಗೂದಿಲ್ಲ? ನಿಮ್ಮ ಕೆಲಸಕ್ಕ ನೀವೇ ಮಸಿ ಬಳೀತೀರಿ?"

ಅವಳು ಕಂಬಿ ಹಿಡಿದು ಜಗ್ಗಿದಳು. ತಂದೆಯ ಮೇಲೆ ಈ ಪರಿ ದನಿ ಎತ್ತಿದ್ದು ಇದೇ ಮೊದಲು. ಕಾಂತೇಶನ ಮೇಲಿನ ಸಿಟ್ಟಿಗಿಂತ ಇದು ಹೆಚ್ಚು ಉರಿಯಿತು. ಪರರು ಮಾಡಿದ ಅನ್ಯಾಯಕ್ಕೆ ಹೋರಾಡಬಹುದಿತ್ತು. ಇವರೇ ಸಹಿ ಹಾಕಿ ಕೂತರೆ ಯಾರ ಜೊತೆ ಹೋರಾಡುವುದು?

ಖಾಜಾಮಿಯಾ ಎದ್ದು ಬಂದ. ಕಂಬಿಯ ಮೇಲಿನ ಅವಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟ. ಆಮೇಲೆ, ತುಟಿ ಅಲ್ಲಾಡಿತೋ ಇಲ್ಲವೋ ಎಂಬಂತೆ, ಮನೆಮಾತಿನಲ್ಲಿ ಕೇಳಿದ.

"ತೇರಿ ಅಮ್ಮೀ ಕಹಾಂ ಹೈ, ಬೇಟಾ?"

ಅಮ್ಮಿ ಎಲ್ಲಿದ್ದಾಳೆ? ಮನೆಯಲ್ಲಿ. ಇನ್ನೆಲ್ಲಿರುತ್ತಾಳೆ? ತಾನು ಬೆಳಿಗ್ಗೆ ಏಳಕ್ಕೆ ಬಸ್ಸಿಗೆ ಹೊರಟಾಗ ತಾಯಿ ಜಹೀರುನ್ನೀಸಾ ನಮಾಜಿನ ಚಾಪೆಯ ಮೇಲೆ ಕೂತು ತಸ್ಬಿಯ ಮಣಿ ಎಣಿಸುತ್ತಿದ್ದಳು. ಫರ್ಹತ ತಂದೆಯ ಮುಖ ನೋಡುತ್ತಲೇ ಫೋನ್ ತೆಗೆದು ತಾಯಿಗೆ ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಸ್ವಿಚ್ ಆಫ್.

ಬಾಜೂ ಮನೆಯ ಅಮೃತಮ್ಮ ಮೂರನೆಯ ರಿಂಗಿಗೆ ಎತ್ತಿದಳು.

"ಅಮೃತಮ್ಮಾ, ನಮ್ಮ ಅಮ್ಮಿ ಮನ್ಯಾಗ ಅದಾಳೇನ್ ನೋಡ್ರಿ ಜರಾ, ಜಲ್ದಿ."

"ಇಲ್ಲಲ್ಲವ್ವಾ. ನೀ ಹೋದ ಬೆನ್ನಿಗೇ ಜೀಪ್ ಬಂದಿತ್ತಲ್ಲ. ಖಾಜಾಮಿಯಾನ್ನ ಬಿಡಿಸಾಕ ಸಹಿ ಬೇಕು ಅಂದ್ರು, ಕರಕೊಂಡು ಹೋದ್ರು. ಹೆಣ್ಮಗಳು ಪೊಲೀಸ್ ಬಂದಾಳಂತ ನಾನೇ ಧೈರ್ಯ ಹೇಳಿ ಹತ್ತಿಸಿ ಕಳ್ಸಿದೆ. ಇನ್ನೂ ಮುಟ್ಟಿಲ್ಲೇನು?"

"ಯಾವ ಹೆಣ್ಮಗಳು? ಹೆಸರೇನು?"

"ಎದಿ ಮ್ಯಾಲಿನ ಪಟ್ಟಿ ಓದೀನಿ ನಾ. ಪಂಚಶೀಲಾ ಅಂತ ಇತ್ತು."

ಮುಂಜಾನೆ ಚಹಾದ ಜೊತೆ ಕಾಂತೇಶ ಅಬ್ಬಾನ ಕಿವಿಗೆ ಹಾಕಿದ ಬೆದರಿಕೆ ಯಾವುದೆಂದು ಫರ್ಹತಳಿಗೆ ಈಗ ಹೊಳೆಯಿತು. ಅವಳು ತಿರುಗಿದಳು. ಬಾಗಿಲ ಪೊಲೀಸ ಅಲ್ಲಿರಲಿಲ್ಲ; ಪಂಚಶೀಲಾ ನಿಂತಿದ್ದಳು, ಒಬ್ಬಳೇ, ಒಣ ಬಟ್ಟೆಯ ಲಕೋಟೆ ಕೈಯಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಕೈ ಮುಂದೆ ಚಾಚಿದಳು.

"ಫೋನ್ ಇಲ್ಲಿ ಕೊಡು, ಫರ್ಹತ."